ಹಳೆಯ ಎಸ್‌ಯುವಿಯ ಬಡಿತ, ತೇಲಾಟ ಬಿಡಿಸುವ ಕ್ರಮ

ಸೆಕೆಂಡ್ ಹ್ಯಾಂಡ್ ಸ್ಕಾರ್ಪಿಯೋ, ಬೊಲೆರೋ, ಸಫಾರಿ, ಡಸ್ಟರ್ ಯಾವುದೇ ತನ್ನಿ, 70-80 ಸಾವಿರ ಕಿ.ಮೀ. ದಾಟಿದ ಗಾಡಿಯಾದರೆ ಬರುವ ದೂರು ಎರಡೇ ಬಗೆ. ಊರೊಳಗೆ ಹಂಪ್, ಗುಂಡಿ ಸಿಕ್ಕರೆ ದಡ್ ಅಂತ ಬಡಿಯುತ್ತೆ. ಹೈವೇ ಹತ್ತಿ 80 ದಾಟಿದರೆ ತೇಲುತ್ತೆ, ಸ್ಟೇರಿಂಗ್ ಹಿಡಿದು ಹಿಡಿದು ಸರಿಪಡಿಸುತ್ತಲೇ ಇರಬೇಕು. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ನಾಲ್ಕೂ ಶಾಕಪ್ ಬದಲಿಸುವುದು. ಹಣ ಹೋಗುತ್ತೆ, ಸದ್ದು ಅಲ್ಲೇ ಉಳಿಯುತ್ತೆ.

ಬಡಿತಕ್ಕೂ ತೇಲಾಟಕ್ಕೂ ಬಹುಪಾಲು ಕಾರಣ ಒಂದೇ, ಸವೆದ ರಬ್ಬರ್. ಟೈರಿನ ರಬ್ಬರ್, ಆರ್ಮ್ ಬುಷ್‌ನ (ಚಕ್ರವನ್ನು ಗಾಡಿಗೆ ಹಿಡಿಯುವ ತೋಳಿನ ಕೀಲಿನಲ್ಲಿ ಕೂರುವ ಕೊಳವೆ) ರಬ್ಬರ್, ಶಾಕಪ್ ಮೇಲಿನ ಮೌಂಟಿಂಗ್ ರಬ್ಬರ್. ಇವನ್ನು ಗಾಡಿ ಹೊಸದಿದ್ದಾಗಿನ ಸ್ಥಿತಿಗೆ ತಂದರೆ ಸಾಕು, ಹೊರಗಿನದೇನೂ ಸೇರಿಸಬೇಕಾಗಿಲ್ಲ. ಆದರೆ ಕ್ರಮ ತಪ್ಪಬಾರದು: ಮೊದಲು ಗಾಳಿ ಮತ್ತು ಟೈರ್, ಆಮೇಲೆ ಬುಷ್ ಮತ್ತು ಜಾಯಿಂಟ್, ಆಮೇಲೆ ಶಾಕಪ್ ಮತ್ತು ಸ್ಪ್ರಿಂಗ್, ಕಟ್ಟಕಡೆಗೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು).

ಗಾಳಿ ಮತ್ತು ಟೈರ್

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತೆ. ಅದರಲ್ಲಿರುವ ಅಂಕಿಯೇ ಕೊನೆ ಮಾತು. ಹೆಚ್ಚಿನ ಎಸ್‌ಯುವಿಗಳಲ್ಲಿ ಅದು 30ರಿಂದ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒಳಗೆ ಇರುತ್ತೆ. ಪೂರ್ತಿ ಲೋಡಿಗೆ ಹಿಂದಿನ ಚಕ್ರಕ್ಕೆ ಬೇರೆ ಅಂಕಿ ಕೊಟ್ಟಿರುತ್ತಾರೆ. ಪಂಕ್ಚರ್ ಅಂಗಡಿಯಲ್ಲಿ 'ದೊಡ್ಡ ಗಾಡಿ' ಅಂತ 40 ತುಂಬಿಸಿ ಕಳಿಸುವುದು ನಮ್ಮ ಕಡೆ ಮಾಮೂಲು. ಅಷ್ಟು ಗಾಳಿಗೆ ಟೈರ್ ಮಧ್ಯಭಾಗದಲ್ಲಿ ಉಬ್ಬಿ ನೆಲ ಹಿಡಿಯುವ ಜಾಗ ಕಡಿಮೆಯಾಗುತ್ತೆ, ಸಣ್ಣ ಕಲ್ಲೂ ಸೀಟಿಗೆ ಬಡಿಯುತ್ತೆ. ಶಾಕಪ್ ಹೋಗಿದೆ ಅಂತ ಬಂದ ಎಷ್ಟೋ ಗಾಡಿಗೆ ಬೇಕಾಗಿದ್ದುದು 8 ಪಿಎಸ್‌ಐ ಗಾಳಿ ಇಳಿಸುವುದು ಮಾತ್ರ.

ಗಾಳಿ ನೋಡುವುದು ಬೆಳಗ್ಗೆ, ಗಾಡಿ ತೆಗೆಯುವ ಮುಂಚೆ. ಏಪ್ರಿಲ್ ಬಿಸಿಲಲ್ಲಿ ಹಿರಿಯೂರಿಂದ ದಾವಣಗೆರೆಗೆ ಓಡಿಸಿಕೊಂಡು ಬಂದ ಟೈರಿನಲ್ಲಿ 4-5 ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಆಗ ಗಾಳಿ ಬಿಟ್ಟರೆ ಮರುದಿನ ತಣ್ಣಗಾದಾಗ ಕಡಿಮೆ ಬಿದ್ದಿರುತ್ತೆ, ತಿರುವಿನಲ್ಲಿ ಟೈರಿನ ಪಕ್ಕೆ ಮಡಚಿ ಗಾಡಿ ವಾಲುತ್ತೆ. ನೂರಿನ್ನೂರು ರೂಪಾಯಿಗೆ ಒಂದು ಗೇಜ್ ಕೊಂಡು ಡ್ಯಾಶ್‌ನಲ್ಲಿ ಇಟ್ಟುಕೊಳ್ಳಿ. ಅಂಗಡಿಯ ಗೇಜುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಓಡಾಡುವ ಗಾಡಿಯಾದರೆ ಬಳ್ಳಾರಿ ಜಾಲಿ ಮುಳ್ಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳು ಮುರಿದು ಒಳಗೇ ಉಳಿದರೆ ಗಾಳಿ ಒಮ್ಮೆಲೇ ಇಳಿಯುವುದಿಲ್ಲ, ವಾರಕ್ಕೆ ಮೂರು ನಾಲ್ಕು ಪಿಎಸ್‌ಐ ಸೋರುತ್ತೆ. ಗಾಡಿ ಆ ಕಡೆಗೆ ಎಳೆಯತೊಡಗುತ್ತೆ, ಮಾಲೀಕರು ಅಲೈನ್‌ಮೆಂಟ್ ಅಂಗಡಿಗೆ ಹೋಗುತ್ತಾರೆ. ಒಂದು ವಾರ ನಾಲ್ಕೂ ಚಕ್ರದ ಗಾಳಿ ಬರೆದಿಡಿ. ಒಂದೇ ಚಕ್ರ ಇಳಿಯುತ್ತಿದ್ದರೆ ಸೋಪು ನೀರು ಹಾಕಿ ಟ್ರೆಡ್ (ಟೈರಿನ ನೆಲ ತಾಗುವ ಮೈ), ವಾಲ್ವ್, ರಿಮ್ಮಿನ ಅಂಚು ಮೂರನ್ನೂ ನೋಡಿ.

ಟೈರಿನ ವಯಸ್ಸು ಪಕ್ಕೆಯ ಮೇಲೆ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಲ್ಲಿದೆ. 2319 ಅಂದರೆ 2019ರ 23ನೇ ವಾರ. ಟ್ರೆಡ್‌ನ ಗೆರೆ ಆಳವಾಗಿದ್ದರೂ ಆರು ವರ್ಷ ದಾಟಿದ ಟೈರಿನ ರಬ್ಬರ್ ಗಡುಸಾಗಿರುತ್ತೆ; ಮಳೆಯಲ್ಲಿ ಹಿಡಿತ ಇರುವುದಿಲ್ಲ, ಸದ್ದು ಜಾಸ್ತಿ. ಕಾನೂನಿನ ಕನಿಷ್ಠ ಆಳ 1.6 ಮಿ.ಮೀ., ಆದರೆ ಎತ್ತರದ ಭಾರದ ಗಾಡಿಗೆ 3 ಮಿ.ಮೀ.ಗೇ ಬದಲಿಸುವುದು ಕ್ಷೇಮ. ಅಂಗೈ ಇಟ್ಟು ಟ್ರೆಡ್ ಮೇಲೆ ಸವರಿ. ಅಲ್ಲಲ್ಲಿ ತಗ್ಗು ದಿಣ್ಣೆ ಸಿಕ್ಕರೆ ಶಾಕಪ್ ಹಿಡಿತ ಬಿಟ್ಟಿದೆ ಅಂತ, ಒಂದು ಅಂಚು ಮಾತ್ರ ಗರಗಸದ ಹಾಗೆ ಚುಚ್ಚಿದರೆ ಟೋ (ಚಕ್ರದ ಮುಂತುದಿ ಒಳಗೆ ಇಲ್ಲವೇ ಹೊರಗೆ ತಿರುಗಿರುವ ಕೋನ) ಕೆಟ್ಟಿದೆ ಅಂತ.

ರಿಮ್ ದೊಡ್ಡದು ಮಾಡುವ ಆಸೆ ಇದ್ದವರು ಸ್ವಲ್ಪ ಲೆಕ್ಕ ಹಾಕಿ. 235/65 ಆರ್17 (235 ಮಿ.ಮೀ. ಅಗಲ, ಅದರ ನೂರಕ್ಕೆ 65ರಷ್ಟು ಪಕ್ಕೆ, 17 ಇಂಚಿನ ರಿಮ್) ಟೈರಿನ ಪಕ್ಕೆಯ ಎತ್ತರ ಸುಮಾರು 153 ಮಿ.ಮೀ. ಅದೇ ಒಟ್ಟು ಎತ್ತರಕ್ಕೆ 255/55 ಆರ್18 ಹಾಕಿದರೆ ಪಕ್ಕೆ 140ಕ್ಕೆ ಇಳಿಯುತ್ತೆ. ಗುಂಡಿಯ ಹೊಡೆತ ಮೊದಲು ಹೀರುವುದು ಈ ಪಕ್ಕೆಯೇ. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆಗೆ ಅಗಲ ರಿಮ್, ತೆಳು ಟೈರ್ ಹಾಕಿದವರು ಮಳೆಗಾಲದಲ್ಲಿ ರಿಮ್ ಬೆಂಡ್ ತೆಗೆಸುತ್ತಾ ಇರಬೇಕಾಗುತ್ತೆ. ಟೈರ್ ಬದಲಿಸುವಾಗ ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಡಿಮೆ ಆಗಬಾರದು (104 ಅಂದರೆ ಒಂದು ಟೈರಿಗೆ 900 ಕೆ.ಜಿ.). ಟಾರು ರಸ್ತೆಯೇ ಹೆಚ್ಚಿದ್ದರೆ ಎಚ್‌ಟಿ (ಹೈವೇ ರಸ್ತೆಯ) ಬಗೆಯ ಟೈರ್ ಸಾಕು. ಎಟಿ (ಎಲ್ಲ ಬಗೆಯ ನೆಲಕ್ಕೆ ಹೊಂದುವ) ಟೈರಿನ ಭಾರ, ಸದ್ದು ಎರಡೂ ಹೆಚ್ಚು.

ಇನ್ನೊಂದು ನಮ್ಮ ಕಡೆಯದೇ ತೊಂದರೆ. ಹರಿಹರ, ಹೊನ್ನಾಳಿ, ಚನ್ನಗಿರಿ ಕಡೆಯ ಭದ್ರಾ ಅಚ್ಚುಕಟ್ಟಿನ ಗದ್ದೆ ದಾರಿಯಲ್ಲೋ ಎರೆಹೊಲದಲ್ಲೋ ಹೋಗಿ ಬಂದ ಮರುದಿನ 80-90ರಲ್ಲಿ ಸ್ಟೇರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್‌ಗೆ ಓಡಬೇಡಿ. ರಿಮ್ಮಿನ ಒಳಮೈಗೆ ಮಣ್ಣು ಒಣಗಿ ಅಂಟಿರುತ್ತೆ. ಒಂದು ಹಿಡಿ ಮಣ್ಣು ಸಾಕು, ಚಕ್ರ ಕುಣಿಯುತ್ತೆ. ಜಾಕ್ ಕೊಟ್ಟು ಚಕ್ರ ಬಿಚ್ಚಿ ಒಳಗಿಂದ ತೊಳೆಯಿರಿ. ಆಮೇಲೂ ನಡುಕ ಇದ್ದರೆ ಬ್ಯಾಲೆನ್ಸಿಂಗ್. ನಡುಕ ಸ್ಟೇರಿಂಗ್‌ನಲ್ಲಿದ್ದರೆ ಮುಂದಿನ ಚಕ್ರ, ಸೀಟಿನಲ್ಲಿದ್ದರೆ ಹೆಚ್ಚಾಗಿ ಹಿಂದಿನದು.

ಸದ್ದಿನಿಂದ ಜಾಗ ಹಿಡಿಯುವುದು

ರ‍್ಯಾಂಪ್ ಹತ್ತಿಸುವ ಮುಂಚೆ ಓಡಿಸಿ ನೋಡಿ. ಹಿಂದಿನ ಸೀಟಿನಲ್ಲಿ ಒಬ್ಬರು ಕೂತು ಕಿವಿಗೊಡಲಿ, ಮ್ಯೂಸಿಕ್, ಎಸಿ ಬಂದ್. ಹಂಪ್ ಮೇಲೆ 20ರಲ್ಲಿ, ಕಿತ್ತುಹೋದ ರಸ್ತೆಯಲ್ಲಿ 30-40ರಲ್ಲಿ, ಸಾಪಾದ ಹೈವೇಯಲ್ಲಿ 80ರಲ್ಲಿ.

ಸಣ್ಣ ಜಲ್ಲಿ ಮೇಲೆ ನಿಧಾನಕ್ಕೆ ಹೋಗುವಾಗ ಮುಂದೆ ಟಕಟಕ ಅಂದರೆ ಮೊದಲ ಅನುಮಾನ ಸ್ಟೆಬಿಲೈಜರ್ ಲಿಂಕ್ ರಾಡ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳಿನ ಕೊಂಡಿ) ಮೇಲೆ. ಅದು ಅಗ್ಗದ ಪಾರ್ಟ್, ಬದಲಿಸಲು ಅರ್ಧ ಗಂಟೆ. ಬ್ರೇಕ್ ಒತ್ತಿದಾಗ, ಬಿಟ್ಟಾಗ ಒಂದೊಂದೇ ದಡ್ ಬಂದರೆ ಲೋವರ್ ಆರ್ಮ್ ಬುಷ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಟಂಯ್ ಅಂದರೆ ಸ್ಟ್ರಟ್ (ಶಾಕಪ್, ಸ್ಪ್ರಿಂಗ್ ಒಂದಾಗಿರುವ ಜೋಡಣೆ) ಮೇಲಿನ ಬೇರಿಂಗ್. ವೇಗದ ಜೊತೆ ಏರುವ ಗುಂಯ್ ಸದ್ದು, ಗಾಡಿಯನ್ನು ಎಡಬಲಕ್ಕೆ ಸ್ವಲ್ಪ ವಾಲಿಸಿದಾಗ ಹೆಚ್ಚುಕಡಿಮೆ ಆದರೆ ವೀಲ್ ಬೇರಿಂಗ್. ಕಿರ್ ಕಿರ್ ಅನ್ನುವ ಬುಷ್ ಯಾವುದು ಗೊತ್ತಾಗದಿದ್ದರೆ ಒಂದೊಂದೇ ಬುಷ್‌ಗೆ ನೀರು ಚಿಮುಕಿಸಿ ಗಾಡಿ ಅದುಮಿ. ಯಾವುದಕ್ಕೆ ಚಿಮುಕಿಸಿದಾಗ ಸದ್ದು ನಿಲ್ಲುತ್ತೋ ಅದೇ.

ಜಾಕ್ ಮೇಲೆ ಎತ್ತಿ (ಸ್ಟ್ಯಾಂಡ್ ಕೊಡದೆ ಗಾಡಿ ಕೆಳಗೆ ತಲೆ ಹಾಕಬೇಡಿ) ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೂಸ್ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಆರ್ಮ್ ಮತ್ತು ಚಕ್ರದ ನಡುವಿನ ಗುಂಡು ಕೀಲು). ಇನ್ನೊಬ್ಬರು ಬ್ರೇಕ್ ಒತ್ತಿದಾಗಲೂ ಲೂಸ್ ಉಳಿದರೆ ಬಾಲ್ ಜಾಯಿಂಟೇ. ಎಡಬಲ ಹಿಡಿದು ಅಲ್ಲಾಡಿದರೆ ಟೈ ರಾಡ್ ಎಂಡ್ (ಸ್ಟೇರಿಂಗ್‌ನಿಂದ ಚಕ್ರಕ್ಕೆ ಬರುವ ಸರಳಿನ ತುದಿಯ ಕೀಲು) ಅಥವಾ ಸ್ಟೇರಿಂಗ್ ರ‍್ಯಾಕ್. ಬಾಲ್ ಜಾಯಿಂಟ್ ಲೂಸ್ ಇದ್ದರೆ ಉಳಿದದ್ದೆಲ್ಲ ಆಮೇಲೆ, ಗಾಡಿ ಅವತ್ತೇ ನಿಲ್ಲಿಸಿ ಬದಲಿಸಿ. ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತೆ.

ಗಾಡಿಯ ಹಿಂಭಾಗದ ತೇಲಾಟದ ಕಥೆ ಬೇರೆ. ಆಷಾಢದಲ್ಲಿ ಹಿರಿಯೂರು-ಚಿತ್ರದುರ್ಗ ನಡುವೆ ಹೈವೇ ಓಡಿಸಿದವರಿಗೆ ಅಡ್ಡಗಾಳಿ ಗೊತ್ತು. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಎತ್ತರದ ಗಾಡಿ ಗಾಳಿಗೆ ಒಮ್ಮೆ ಅಲ್ಲಾಡುವುದು ಸಹಜ. ಒಮ್ಮೆ ಅಲ್ಲಾಡಿ, ಹಿಂಭಾಗ ಇನ್ನೂ ಎರಡು ಸಲ ಆಚೀಚೆ ಹೋಗಿ ನಿಂತರೆ ರೋಗ ಅಂತ ತಿಳಿಯಿರಿ. ಹಿಂದೆ ಕಾಯಿಲ್ ಸ್ಪ್ರಿಂಗ್ ಮತ್ತು ಗಟ್ಟಿ ಆಕ್ಸೆಲ್ ಇರುವ ಹಳೆಯ ಸ್ಕಾರ್ಪಿಯೋ, ಸಫಾರಿ ಸ್ಟಾರ್ಮ್‌ನಂಥವುಗಳಲ್ಲಿ ಆಕ್ಸೆಲ್ ಅಡ್ಡಡ್ಡ ಸರಿಯದಂತೆ ಹಿಡಿಯುವ ರಾಡ್ ಇರುತ್ತೆ, ಉದ್ದುದ್ದ ಹಿಡಿಯುವ ಆರ್ಮ್‌ಗಳಿರುತ್ತವೆ. ಇವುಗಳ ಬುಷ್ ಹೋದರೆ ಆಕ್ಸೆಲ್ ತಾನೇ ಸ್ವಲ್ಪ ತಿರುಗುತ್ತೆ, ಅಂದರೆ ಹಿಂದಿನ ಚಕ್ರಗಳೂ ಸ್ಟೇರಿಂಗ್ ಮಾಡತೊಡಗುತ್ತವೆ. ಮುಂದೆ ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಇದು ಹೋಗುವುದಿಲ್ಲ. ರ‍್ಯಾಂಪ್ ಮೇಲೆ ಗಾಡಿ ಚಕ್ರದ ಮೇಲೇ ನಿಂತಿರುವಾಗ ಇಬ್ಬರು ಬಾಡಿಯನ್ನು ಪಕ್ಕಕ್ಕೆ ತಳ್ಳಿ, ಒಬ್ಬರು ಕೆಳಗಿಂದ ಆ ಬುಷ್‌ಗಳನ್ನು ನೋಡಿ. ಹೋಗಿದ್ದರೆ ಬೋಲ್ಟು ಬುಷ್‌ನೊಳಗೆ ಓಡಾಡುವುದು ಕಣ್ಣಿಗೆ ಕಾಣುತ್ತೆ.

ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಮೇಲೆ ಬಾಡಿ ಕೂರಿಸಿದ ಗಾಡಿಗಳಲ್ಲಿ ಬಾಡಿ ಮೌಂಟಿಂಗ್ ರಬ್ಬರುಗಳನ್ನು ಯಾರೂ ನೋಡುವುದಿಲ್ಲ. ಹತ್ತು ವರ್ಷದ ಬೊಲೆರೋದಲ್ಲಿ ಅವು ಚಪ್ಪಟೆಯಾಗಿ, ಬೋಲ್ಟ್ ಸಡಿಲಾಗಿ, ಕೆಟ್ಟ ರಸ್ತೆಯಲ್ಲಿ ಇಡೀ ಬಾಡಿ ನಡುಗುತ್ತಿರುತ್ತೆ. ಸದ್ದು ಶಾಕಪ್‌ನದೇ ಅನ್ನಿಸುತ್ತೆ.

ಬುಷ್ ಕೂರಿಸುವ ರೀತಿ

ಹೊಸ ಬುಷ್ ಆರು ತಿಂಗಳಿಗೇ ಹರಿಯಿತು ಅನ್ನುವ ದೂರು ಬಹಳ. ಕೆಲವೊಮ್ಮೆ ಮಾಲು ನಕಲಿ ಇರುತ್ತೆ, ಆದರೆ ಹೆಚ್ಚು ಸಲ ತಪ್ಪು ಟೈಟ್ ಮಾಡಿದ ರೀತಿಯಲ್ಲಿರುತ್ತೆ. ಆರ್ಮ್ ಬುಷ್‌ನಲ್ಲಿ ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತೆ. ಬೋಲ್ಟ್ ಟೈಟ್ ಮಾಡಿದ ಕೂಡಲೇ ಒಳ ಕೊಳವೆ ಚಾಸಿಗೆ ಬಿಗಿದುಕೊಳ್ಳುತ್ತೆ. ಅಲ್ಲಿಂದಾಚೆ ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಂಡೇ. ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗ ಟೈಟ್ ಮಾಡಿ ಗಾಡಿ ಇಳಿಸಿದರೆ, ಗಾಡಿ ಸುಮ್ಮನೆ ನಿಂತಿದ್ದಾಗಲೂ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ಇರುತ್ತೆ. ಗಾಡಿ ಸ್ವಲ್ಪ ಎತ್ತರ ನಿಲ್ಲುತ್ತೆ, ಗಡುಸಾಗಿ ಓಡುತ್ತೆ, ಒಂದು ದೊಡ್ಡ ಗುಂಡಿಗೆ ರಬ್ಬರ್ ಸೀಳುತ್ತೆ.

ಆದ್ದರಿಂದ ಬೋಲ್ಟುಗಳನ್ನು ಕೈಯಲ್ಲಿ ಕೂರಿಸಿ, ಗಾಡಿಯ ಭಾರ ಚಕ್ರಗಳ ಮೇಲೆ ಬಿಟ್ಟು, ನಾಲ್ಕು ಸಲ ಮೇಲೆ ಕೆಳಗೆ ಅದುಮಿ, ಆಮೇಲೆ ಕೊನೆಯ ಟೈಟ್. ನಾಲ್ಕು ಕಂಬದ ರ‍್ಯಾಂಪ್ ಅಥವಾ ಗುಂಡಿ ಇರುವ ಗ್ಯಾರೇಜಿನಲ್ಲಿ ಇದು ಸುಲಭ. ಎರಡು ಕಂಬದ ಲಿಫ್ಟ್ ಆದರೆ ಆರ್ಮ್ ಕೆಳಗೆ ಜಾಕ್ ಕೊಟ್ಟು ಚಕ್ರವನ್ನು ಓಡುವ ಎತ್ತರಕ್ಕೆ ಎತ್ತಬೇಕು. ಎತ್ತರ ಗೊತ್ತಾಗಲು ಕೆಲಸಕ್ಕೆ ಮುಂಚೆಯೇ ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಕಮಾನಿನವರೆಗೆ ಅಳೆದು ಬರೆದಿಟ್ಟುಕೊಳ್ಳಿ. ಮೇಸ್ತ್ರಿಗೆ ಮೊದಲೇ ಹೇಳಿ: 'ಅಣ್ಣಾ, ಗಾಡಿ ಇಳಿಸಿದ ಮೇಲೇ ಫೈನಲ್ ಟೈಟ್ ಮಾಡ್ರಿ.' ತಿಳಿದ ಮೇಸ್ತ್ರಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಲವು ಬುಷ್‌ಗಳಲ್ಲಿ, ಮುಖ್ಯವಾಗಿ ಡಸ್ಟರ್, ಕ್ರೆಟಾದಂಥ ಗಾಡಿಗಳ ಲೋವರ್ ಆರ್ಮ್ ಹಿಂಬದಿಯ ದೊಡ್ಡ ಬುಷ್‌ನಲ್ಲಿ ರಬ್ಬರಿನ ಮಧ್ಯೆ ಬೇಕೆಂದೇ ಖಾಲಿ ಸೀಳು ಬಿಟ್ಟಿರುತ್ತಾರೆ. ಸೀಳಿನ ದಿಕ್ಕಿನಲ್ಲಿ ಬುಷ್ ಮೆತ್ತಗೆ, ಅದಕ್ಕೆ ಅಡ್ಡಲಾಗಿ ಗಟ್ಟಿ. ಪ್ರೆಸ್‌ನಲ್ಲಿ ತಿರುಗಿಸಿ ಕೂರಿಸಿದರೆ ಎರಡೂ ಅದಲುಬದಲಾಗಿ ಬ್ರೇಕ್ ಹಾಕಿದಾಗ ಗಾಡಿ ಎಳೆಯುತ್ತೆ. ಹಳೆಯದನ್ನು ತೆಗೆಯುವ ಮುಂಚೆ ಆರ್ಮ್ ಮೇಲೆ ಪೇಂಟಿನಲ್ಲಿ ಗುರುತು ಮಾಡಿ ಫೋಟೋ ತೆಗೆದಿಡಿ. ಸುತ್ತಿಗೆಯಲ್ಲಿ ಬಡಿದು ಕೂರಿಸುವ ಜಾಗ ಇದಲ್ಲ. ಪ್ರೆಸ್ ಇಲ್ಲದಿದ್ದರೆ ಬುಷ್ ಸಮೇತ ಪೂರಾ ಆರ್ಮ್ ಹಾಕುವುದು ಮೇಲು.

ಪಾಲಿಯೂರೆಥೇನ್ (ರಬ್ಬರಿಗಿಂತ ಗಡುಸಾದ ಪ್ಲಾಸ್ಟಿಕ್) ಬುಷ್ ತಿರುವಿನಲ್ಲಿ ಚುರುಕು ಕೊಡುವುದು ನಿಜ, ಆದರೆ ಸದ್ದು ನಡುಕ ಒಳಗೆ ಬರುತ್ತೆ. ಸುಖದ ಸವಾರಿ ಬೇಕಾದವರು ಕಂಪನಿ ರಬ್ಬರನ್ನೇ ಹಾಕಿ. ಮತ್ತೆ, ವಾಟರ್ ಸರ್ವಿಸ್‌ನಲ್ಲಿ ಗಾಡಿ ಅಡಿಗೆ ಡೀಸೆಲ್ ಇಲ್ಲವೇ ಸುಟ್ಟ ಆಯಿಲ್ ಸ್ಪ್ರೇ ಹೊಡೆಸಬೇಡಿ. ಅವತ್ತು ಅಡಿ ಮಿರಿಮಿರಿ ಮಿಂಚುತ್ತೆ, ಕಿರಕಿರ ನಿಲ್ಲುತ್ತೆ, ರಬ್ಬರ್ ಮಾತ್ರ ಉಬ್ಬಿ ಕೊಳೆಯುತ್ತೆ. ಸದ್ದು ನಿಲ್ಲಿಸಲೇಬೇಕಿದ್ದರೆ ಸಿಲಿಕೋನ್ ಸ್ಪ್ರೇ.

ಶಾಕಪ್ ಮತ್ತು ಸ್ಪ್ರಿಂಗ್

ಬಾನೆಟ್ ಅದುಮಿ ನೋಡುವ ಪರೀಕ್ಷೆಗೆ ಪೂರ್ತಿ ಸತ್ತ ಶಾಕಪ್ ಮಾತ್ರ ಸಿಗುತ್ತೆ. ಅರ್ಧ ಸತ್ತದ್ದು ತಪ್ಪಿಸಿಕೊಳ್ಳುತ್ತೆ. ಕೆಟ್ಟ ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಶಾಕಪ್‌ನ ಕೊಳವೆಯನ್ನು ಹುಷಾರಾಗಿ ಮುಟ್ಟಿ (ಸೈಲೆನ್ಸರ್ ಕಡೆ ಕೈ ಹೋಗದಿರಲಿ). ಕೆಲಸ ಮಾಡುತ್ತಿರುವುದು ಬೆಚ್ಚಗಿರುತ್ತೆ, ಸತ್ತದ್ದು ಜೊತೆಯದಕ್ಕಿಂತ ತಣ್ಣಗಿರುತ್ತೆ. ಮೈಮೇಲೆ ತೆಳುವಾಗಿ ಧೂಳು ಅಂಟುವಷ್ಟು ಜಿಡ್ಡು ಇದ್ದರೆ ಚಿಂತೆ ಇಲ್ಲ. ಎಣ್ಣೆ ಇಳಿದು ಕೆಳಗಿನ ಬುಷ್‌ವರೆಗೆ ಒದ್ದೆಯಾಗಿದ್ದರೆ ಬದಲಿಸಲೇಬೇಕು.

ಬದಲಿಸುವುದು ಯಾವಾಗಲೂ ಜೋಡಿಯಾಗಿ, ಮುಂದಿನ ಎರಡು ಅಥವಾ ಹಿಂದಿನ ಎರಡು. ಮುಂದಿನ ಸ್ಟ್ರಟ್ ಬಿಚ್ಚಿದಾಗ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪರ್ (ಪೂರ್ತಿ ಅದುಮಿದಾಗ ತಡೆಯುವ ರಬ್ಬರ್), ಡಸ್ಟ್ ಬೂಟ್ (ಧೂಳು ತಡೆಯುವ ಕವಚ) ಹೊಸದೇ ಹಾಕಿ. ಇವನ್ನು ಉಳಿಸಿದರೆ ಅದೇ ಕೂಲಿ ಮತ್ತೊಮ್ಮೆ ಕೊಡಬೇಕಾಗುತ್ತೆ. ಎಣ್ಣೆ ತುಂಬಿ ಸೀಲ್ ಹಾಕಿದ ರೀಕಂಡೀಷನ್ ಶಾಕಪ್ ಬೇಡ. ಒಳಗಿನ ವಾಲ್ವ್ ಸವೆದೇ ಇರುತ್ತೆ, ರಾಡ್ ಮೇಲೆ ಚುಕ್ಕಿ ತುಕ್ಕು ಇದ್ದರೆ ಹೊಸ ಸೀಲನ್ನೂ ಅದೇ ಕೊರೆಯುತ್ತೆ.

ಹೊಸ ಶಾಕಪ್ ಪೆಟ್ಟಿಗೆಯಲ್ಲಿ ಮಲಗಿ ಬಂದಿರುತ್ತೆ, ಒಳಗೆ ಗಾಳಿ ಎಣ್ಣೆ ಬೆರೆತಿರುತ್ತೆ. ಗಾಡಿಯಲ್ಲಿ ಕೂರುವ ಹಾಗೆಯೇ ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ, ಪೂರ್ತಿ ಎಳೆಯಿರಿ. ಮಧ್ಯೆ ಹಿಡಿತ ತಪ್ಪುವುದು ನಿಂತ ಮೇಲೆ ಕೂರಿಸಿ. ರಾಡನ್ನು ಪ್ಲೈಯರ್‌ನಲ್ಲಿ ಕಚ್ಚಿ ಹಿಡಿಯಬಾರದು, ಒಂದು ಗೀರು ಬಿದ್ದರೂ ಸೀಲ್ ಹೋಗುತ್ತೆ. ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಚ್ಚಿದರೆ ರಾಡ್ ಗಿರಗಿರ ತಿರುಗಿ ಒಳಗೆ ಹಾಳಾಗುತ್ತೆ, ಕೈ ಸ್ಪ್ಯಾನರ್ ಸಾಕು. ಸ್ಟ್ರಟ್‌ನ ಸ್ಪ್ರಿಂಗನ್ನು ಕಂಪ್ರೆಸರ್ ಹಾಕದೆ ಬಿಚ್ಚಬಾರದು. ಹಗ್ಗ, ಚೈನ್ ಕಟ್ಟಿ ಬಿಚ್ಚುವವರ ಹತ್ತಿರ ನಿಲ್ಲಲೂಬಾರದು. ಕೂರಿಸುವಾಗ ಸ್ಪ್ರಿಂಗಿನ ತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿರಬೇಕು. ಗಟ್ಟಿ ಆಕ್ಸೆಲ್ ಗಾಡಿಯಲ್ಲಿ ಹಿಂದಿನ ಶಾಕಪ್ ಬಿಚ್ಚುವಾಗ ಆಕ್ಸೆಲ್ ಕೆಳಗೆ ಜಾಕ್ ಕೊಡಿ, ಇಲ್ಲದಿದ್ದರೆ ಆಕ್ಸೆಲ್ ಜೋತುಬಿದ್ದು ಬ್ರೇಕ್ ಹೋಸ್ ಎಳೆಯುತ್ತೆ, ಸ್ಪ್ರಿಂಗ್ ಜಾಗ ಬಿಟ್ಟು ಹಾರುತ್ತೆ.

ಸ್ಪ್ರಿಂಗ್ ಸುಲಭಕ್ಕೆ ಹೋಗುವುದಿಲ್ಲ. ಸಮತಟ್ಟಾದ ನೆಲದ ಮೇಲೆ ಎಡಬಲದ ಎತ್ತರದಲ್ಲಿ 15 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನಿಸಿ. ಇಳಿದ ಸ್ಪ್ರಿಂಗಿಗೆ ಪರಿಹಾರ ಅಂತ ಸುರುಳಿಗಳ ಮಧ್ಯೆ ಸಿಕ್ಕಿಸುವ ರಬ್ಬರ್ ಬಫರ್ ಮಾರುತ್ತಾರೆ. ಗಾಡಿ ಎತ್ತರವಾಗುವುದು ನಿಜ. ಆದರೆ ಆ ಸುರುಳಿ ಕೆಲಸ ಮಾಡದೆ ಉಳಿದವುಗಳ ಮೇಲೆ ಹೊರೆ ಬೀಳುತ್ತೆ, ಸ್ಪ್ರಿಂಗ್ ಗಡುಸಾಗುತ್ತೆ, ಹಳೆಯ ಶಾಕಪ್‌ಗೆ ಆ ಗಡುಸನ್ನು ತಡೆಯಲು ಆಗದೆ ಗಾಡಿ ಇನ್ನಷ್ಟು ಕುಣಿಯುತ್ತೆ. ಸ್ಪೇಸರ್ ಹಾಕಿ ಎರಡಿಂಚು ಎತ್ತರಿಸುವುದೂ ಅಷ್ಟೇ: ಎತ್ತರದ ಗಾಡಿ ಇನ್ನೂ ವಾಲುತ್ತೆ, ಆಕ್ಸೆಲ್ ಜಾಯಿಂಟುಗಳ ಕೋನ ಕೆಡುತ್ತೆ.

ಬೊಲೆರೋದಂಥ, ಹಿಂದೆ ಕಾಯಿಲ್ ಬದಲು ಪಟ್ಟಿ (ಲೀಫ್ ಸ್ಪ್ರಿಂಗ್) ಇರುವ ಗಾಡಿಗೆ ಬೇರೆ ಉಪಚಾರ. ಗಡುಸು ಅಂತ ಒಂದು ಪಟ್ಟಿ ತೆಗೆಸುವ ರೂಢಿ ಇದೆ. ಮೆಕ್ಕೆಜೋಳದ ಚೀಲ ಹೇರಿದ ದಿನ ಮೇನ್ ಪಟ್ಟಿ ಮುರಿಯುವುದು ಇದರಿಂದಲೇ. ಪಟ್ಟಿ ಬಿಚ್ಚಿಸಿ, ತುಕ್ಕು ಮಣ್ಣು ವೈರ್ ಬ್ರಶ್‌ನಲ್ಲಿ ಉಜ್ಜಿಸಿ, ತುದಿಯಲ್ಲಿ ಪಟ್ಟಿಗೆ ಪಟ್ಟಿ ತಾಗುವ ಕಡೆಯ ಪ್ಯಾಡ್ ಹೊಸದು ಹಾಕಿಸಿ, ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಬುಷ್ ಬದಲಿಸಿದರೆ ಪಟ್ಟಿ ತೆಗೆಯದೆಯೇ ಮೆತ್ತಗಾಗುತ್ತೆ. ಸೆಂಟರ್ ಬೋಲ್ಟ್ ತುಂಡಾಗಿದೆಯೇ ನೋಡಿ. ತುಂಡಾದರೆ ಆಕ್ಸೆಲ್ ಹಿಂದಕ್ಕೋ ಮುಂದಕ್ಕೋ ಸರಿದು ಗಾಡಿ ನಾಯಿ ಓಡುವ ಹಾಗೆ ಓರೆಯಾಗಿ ಓಡುತ್ತೆ. ಪಟ್ಟಿಯನ್ನು ಆಕ್ಸೆಲ್‌ಗೆ ಬಿಗಿಯುವ ಯು ಬೋಲ್ಟುಗಳನ್ನು 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಟೈಟ್ ಮಾಡಿಸಿ.

ಭಾರವನ್ನೂ ಒಂದು ಸಲ ನೋಡಿ. ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗಲು ಹಾಕಿಸಿದ ಮೇಲಿನ ಕ್ಯಾರಿಯರ್ ವರ್ಷವಿಡೀ ಯಾಕೆ? ಮುಂದಿನ ಕಬ್ಬಿಣದ ಬುಲ್ ಬಾರ್ ಮುಂದಿನ ಸ್ಪ್ರಿಂಗನ್ನು ಅದುಮುತ್ತೆ, ತಿರುವಿನಲ್ಲಿ ಮೂತಿ ಹೊರಗೆ ಎಳೆಯುತ್ತೆ. ಅದು ಕಾನೂನುಬಾಹಿರ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

ಅಲೈನ್‌ಮೆಂಟ್

ಲೂಸ್ ಜಾಯಿಂಟ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಅಂಗಡಿ ಬಾಗಿಲವರೆಗೆ ಮಾತ್ರ. ಎಲ್ಲ ಬದಲಾದ ಮೇಲೆ 100-200 ಕಿ.ಮೀ. ಓಡಿಸಿ, ಹೊಸ ರಬ್ಬರ್ ಕೂತ ಮೇಲೆ ಹೋಗಿ. ಗಾಳಿ ಸ್ಟಿಕ್ಕರ್ ಪ್ರಕಾರ ಇರಲಿ, ಡಿಕ್ಕಿಯಲ್ಲಿ ಚೀಲ ಇರಬಾರದು. ಮುಂಚಿನ ಅಂಕಿ, ಆಮೇಲಿನ ಅಂಕಿ ಎರಡರ ಪ್ರಿಂಟ್ ಕೇಳಿ ಪಡೆಯಿರಿ. ಟೋ, ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲಿರುವ ಕೋನ), ಕ್ಯಾಸ್ಟರ್ (ಚಕ್ರ ತಿರುಗುವ ಅಚ್ಚು ಹಿಂದೆ ಮುಂದೆ ವಾಲಿರುವ ಕೋನ) ಮೂರೂ ಅದರಲ್ಲಿರಬೇಕು. ಸ್ಟ್ರಟ್ ಇರುವ ಹೆಚ್ಚಿನ ಗಾಡಿಗಳಲ್ಲಿ ಮಾಮೂಲಾಗಿ ಟೋ ಮಾತ್ರ ಅಡ್ಜಸ್ಟ್ ಆಗುತ್ತೆ. ಅಲ್ಲಿ ಒಂದೇ ಕಡೆಯ ಕ್ಯಾಂಬರ್ ಬಹಳ ತಪ್ಪಿದ್ದರೆ ಆರ್ಮ್ ಅಥವಾ ಸ್ಟ್ರಟ್ ಬೆಂಡ್ ಆಗಿದೆ, ಗಾಡಿಗೆ ಮುಂಚೆ ಯಾವಾಗಲೋ ಏಟು ಬಿದ್ದಿರಬಹುದು. ಆಗ ಪಾರ್ಟ್ ಬದಲಿಸಬೇಕೇ ಹೊರತು ಬೋಲ್ಟ್ ರಂಧ್ರ ಉಜ್ಜಿ ಸರಿಮಾಡಿಸಬಾರದು.

ಇಷ್ಟಾದ ಮೇಲೂ ಗಾಡಿ ಎಡಕ್ಕೆ ಎಳೆದರೆ ಮೊದಲು ರಸ್ತೆ ನೋಡಿ. ನೀರು ಹರಿಯಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ, ಸ್ವಲ್ಪ ಎಳೆತ ಅದರದ್ದೇ. ಸಮತಟ್ಟಾದ ಕಡೆಯೂ ಎಳೆದರೆ ಮುಂದಿನ ಎರಡು ಚಕ್ರ ಅದಲುಬದಲು ಮಾಡಿ (ಒಂದೇ ದಿಕ್ಕಿಗೆ ತಿರುಗಬೇಕಾದ ಬಾಣದ ಗುರುತಿನ ಟೈರ್ ಆದರೆ ಬೇಡ). ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರಿನದು. ಎಡಕ್ಕೇ ಉಳಿದರೆ ಆ ಬದಿಯ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಬಿಡದೆ ಹಿಡಿದುಕೊಂಡಿದೆಯೇ ನೋಡಿ: ಬ್ರೇಕ್ ಹೆಚ್ಚು ಬಳಸದೆ ಐದಾರು ಕಿ.ಮೀ. ಓಡಿಸಿ ನಿಲ್ಲಿಸಿದಾಗ ಎಡ ರಿಮ್ ಬಲದಕ್ಕಿಂತ ಬಿಸಿ ಇದ್ದರೆ ಪಿನ್ ಬಿಚ್ಚಿ ಸ್ವಚ್ಛ ಮಾಡಿ, ಬ್ರೇಕ್‌ಗೆಂದೇ ಇರುವ ಗ್ರೀಸ್ ಹಚ್ಚಿ ಕೂರಿಸಬೇಕು.